ಕುರ್ಕನ ಆಟ ಆಡಿದ ವರ್ಷ

ಹಿಂದೆ ಜೊತೆಗೆ ಪಾಠ ಮಾಡಿದ ಶೈಲಕ್ಕನ ನಿವೃತ್ತಿಯ ಬೀಳ್ಕೊಡುಗೆಗೆಂದು ತೀರ್ಥಹಳ್ಳಿಯಿಂದ ಹೊರಟವಳು ಹೊಸನಗರದ ದಾರಿಯಾಗಿ ಸಾಗರ ತಲುಪಿದಾಗ ಇನ್ನೂ ತಿಂಡಿಯ ಹೊತ್ತು. ಕಾರ್ಯಕ್ರಮ ಇದ್ದದ್ದು ಮಧ್ಯಾಹ್ನ. ಹೊತ್ತು ಕಳೆಯಬೇಕಲ್ಲ ಎಂದು, ಹಿಂದೆ ಪಾಠ ಮಾಡಿದ ಶಾಲೆಯ ಬಳಿ ಇಳಿಯದೆ ಹೊಳೆಬಾಗಿಲಿಗೆ ಟಿಕೆಟ್ ಕೇಳಿದೆ. ಕಂಡಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಲ್ಲಿ ಯಾರೂ ಇಳಿಯಲ್ಲ ಮೇಡಂ ಈಗ. ಸಿಗಂದೂರಿಗೆ ಕೊಡ್ಲಾ?" ಎಂದ. ಇವನು ಟಿಕೆಟ್ಟಿನಲ್ಲಿ ಏನೋ ಆಟ ಹೂಡುತ್ತಿದ್ದಾನೆ ಎಂದು ನನಗೆ ಆಗಲೇ ಅನುಮಾನ ಬಂತು. ನನ್ನ ಸ್ವಭಾವವೇ ಹಾಗೆ. ಹಾಲಿನವನು ಪ್ರೀತಿಯಿಂದ ಒಂದು ಕುಡಿತೆ ಹೆಚ್ಚಿಗೆ ಸುರಿದರೂ ಇದರಲ್ಲಿ ನೀರೆಷ್ಟು ಎಂದು ಯೋಚಿಸುವವಳು ನಾನು. ಮನೆಯಲ್ಲಿ ನನಗೆ ಸಂಶಯ ಪಿಶಾಚಿ ಎಂದೇ ಹೆಸರು. ಅದನ್ನು ನಾನು ಬೈಗುಳ ಎಂದು ಯಾವತ್ತೂ ಎಣಿಸಿಲ್ಲ.

ಹೊಳೆಬಾಗಿಲಿನಲ್ಲಿ ಇಳಿದು ಸೀರೆ ಸರಿಮಾಡಿಕೊಳ್ಳುತ್ತಿದ್ದಾಗ ಹಿಂದಿನಿಂದ "ಮಿಸ್" ಎಂಬ ದನಿ ಕೇಳಿಸಿತು. ಸುಮ! ನನ್ನ ಹತ್ತನೇ ಕ್ಲಾಸಿನ ಹುಡುಗಿ. ಈಗ ಸಾಗರದಲ್ಲಿ ಡಿಗ್ರಿ ಓದುತ್ತಿದ್ದಾಳೆ. ಅವಳೂ ಶೈಲಜಾ ಮಿಸ್ ಕಾರ್ಯಕ್ರಮಕ್ಕೇ ಹೊರಟವಳು, ನಾನು ಶಾಲೆಯ ಬಳಿ ಇಳಿಯದ್ದು ಕಂಡು ತಾನೂ ಇಳಿಯದೆ ಇಲ್ಲಿಯವರೆಗೆ ಬಂದುಬಿಟ್ಟಿದ್ದಳು. ಸೇತುವೆ ಆಗುವ ಮುಂಚೆ ಜನರನ್ನೂ ಜೀಪುಗಳನ್ನೂ ಹಿನ್ನೀರು ದಾಟಿಸುತ್ತಿದ್ದ ಲಾಂಚು ನಿಲ್ಲುತ್ತಿದ್ದ ಇಳಿಜಾರಿಗೆ ಇಬ್ಬರೂ ನಡೆದೆವು. ಬಸ್ಸುಗಳೆಲ್ಲ ಸೇತುವೆ ಹತ್ತಿ ಹೋಗುತ್ತಿದ್ದವು. ಕೆಳಗೆ ಕೆಂಪು ಮಣ್ಣಿನ ದಡಕ್ಕೆ ಹಿನ್ನೀರು ಸುಮ್ಮನೆ ಬಡಿಯುತ್ತಿತ್ತು. ಲಾಂಚಿಲ್ಲ, ಜೀಪುಗಳ ಸಾಲಿಲ್ಲ, ಚುರುಮುರಿಯವನಿಲ್ಲ. ಆದರೆ ಡೀಸೆಲ್ಲೂ ಕೆಸರೂ ಬೆರೆತ ಆ ಹಳೆಯ ವಾಸನೆ ಮಾತ್ರ ಅಲ್ಲೇ ಉಳಿದಿತ್ತು. ಮೂಗಿಗೆ ಬಡಿದದ್ದೇ ಸುಮ ಹತ್ತನೆಯಲ್ಲಿದ್ದ ಆ ವರ್ಷವೆಲ್ಲ ಎದ್ದು ಬಂತು.

ಆ ಜೂನಿನಲ್ಲಿ ನಾನು ವರ್ಗವಾಗಿ ಆ ಶಾಲೆಗೆ ಬಂದಿದ್ದೆ. ಹತ್ತನೆಯ ಮಕ್ಕಳು ಇಂಗ್ಲಿಷಿನಲ್ಲಿ ಬಿಟ್ಟ ಸ್ಥಳ ತುಂಬುವುದರಲ್ಲಿ ಪಂಡಿತರು. ಎಲ್ಲಿ 'ವಾಸ್' ಬರಬೇಕು, ಎಲ್ಲಿ 'ವರ್' ಬರಬೇಕು ಎಂದು ಹಾಳೆಯ ಮೇಲೆ ತಪ್ಪಿಲ್ಲದೆ ಬರೆಯುತ್ತಿದ್ದರು. ಬಾಯಿ ಬಿಡಿ ಎಂದರೆ ಮಾತ್ರ ಮೌನವ್ರತ. "ನಿನ್ನೆ ಸಂಜೆ ಏನು ಮಾಡ್ತಿದ್ದೆ, ಇಂಗ್ಲಿಷಲ್ಲಿ ಹೇಳು" ಎಂದರೆ ಎದ್ದು ನಿಂತು ನೆಲ ನೋಡುತ್ತಿದ್ದರು. ಒಂದು ದಿನ ಮಳೆ ಹೊಯ್ದು ಕರೆಂಟು ಹೋಗಿ ಕ್ಲಾಸು ಕತ್ತಲಾಗಿತ್ತು. ಹಿಂದಿನ ಬೆಂಚಿನಲ್ಲಿ ನಾಲ್ಕು ಜನ ಚೀಟಿ ಮಡಚಿ ರಾಜ ರಾಣಿ ಕಳ್ಳ ಪೊಲೀಸ್ ಆಡುತ್ತಿದ್ದರು. ಚೀಟಿ ಕಿತ್ತುಕೊಳ್ಳಲು ಹೋದವಳು ಅಲ್ಲೇ ನಿಂತೆ. ಕಳ್ಳನಲ್ಲ ಎಂದು ಸಾಧಿಸಲು ಪ್ರಜ್ವಲ್ ಎಂಬ ಹುಡುಗ ಮಾಡುತ್ತಿದ್ದ ವಾದ ಕೇಳಬೇಕಿತ್ತು! ಯಾವ ವಕೀಲನೂ ಅಷ್ಟು ಮಾತಾಡಲಾರ. ಈ ಜಗಳವನ್ನೇ ಇಂಗ್ಲಿಷಿನಲ್ಲಿ ಆಡಿಸಿದರೆ ಹೇಗೆ ಎಂದು ನನಗೆ ಹೊಳೆದದ್ದು ಆಗ.

ಆ ದಿನಗಳಲ್ಲಿ ಊರಿನ ನಾಯಿಗಳನ್ನು ಒಂದು ಕುರ್ಕ ಹೊತ್ತೊಯ್ಯುತ್ತಿತ್ತು. ಕುರ್ಕ ಎಂದರೆ ನಮ್ಮ ಕಡೆ ಚಿರತೆ. ಹಾಗಾಗಿ ನಮ್ಮ ಆಟದಲ್ಲಿ ಕಳ್ಳನ ಬದಲು ಕುರ್ಕ ಬಂದ. ಎಲ್ಲರಿಗೂ ಒಂದೊಂದು ಚೀಟಿ, ಒಂದರಲ್ಲಿ ಮಾತ್ರ ಕುರ್ಕ, ಉಳಿದವರೆಲ್ಲ ಊರವರು. ನಾನು "ರಾತ್ರಿಯಾಯ್ತು, ಎಲ್ಲರೂ ಕಣ್ಣು ಮುಚ್ಚಿ" ಎನ್ನಬೇಕು. ಕುರ್ಕನಾದವರು ಮಾತ್ರ ಕಣ್ಣು ತೆರೆದು ಒಬ್ಬರ ಕಡೆ ಬೆರಳು ತೋರಿಸಬೇಕು. "ಬೆಳಗಾಯ್ತು, ಪ್ರಜ್ವಲ್ ಮನೆಯ ನಾಯಿ ಇಲ್ಲ" ಎಂದು ನಾನು ಸಾರಿದರೆ ವಿಚಾರಣೆ ಶುರು. ಎಲ್ಲ ಇಂಗ್ಲಿಷಿನಲ್ಲೇ. "ವೇರ್ ವರ್ ಯು ಲಾಸ್ಟ್ ನೈಟ್?" "ಐ ವಾಸ್ ಸ್ಲೀಪಿಂಗ್." "ಹೂ ಸಾ ಯು?" ಕೊನೆಗೆ ಎಲ್ಲರೂ ತಮಗೆ ಅನುಮಾನವಿದ್ದವರ ಕಡೆ ಒಮ್ಮೆಗೇ ಬೆರಳು ತೋರಿಸುತ್ತಿದ್ದರು. ಹೆಚ್ಚು ಬೆರಳು ಯಾರ ಕಡೆಗೋ ಅವರು ಊರಿನಿಂದ ಹೊರಗೆ.

ಆಷಾಢ ಮುಗಿಯುವಷ್ಟರಲ್ಲಿ ನೆಲ ನೋಡುತ್ತಿದ್ದವರು ಬೆಂಚು ಹತ್ತಿ ನಿಂತು ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದರು. ತಪ್ಪು ಇತ್ತು, ಇರಲಿ, ಬಾಯಿ ಬಂದಿತ್ತಲ್ಲ. ಮಕ್ಕಳು ತಾವೇ ಒಂದು ಸೂತ್ರ ಕಂಡುಕೊಂಡಿದ್ದರು: ಮಾತಿನಲ್ಲಿ ತಡವರಿಸಿದವನೇ ಕುರ್ಕ. ಹೀಗಾಗಿ ವ್ಯಾಕರಣ ಮನೆಯಲ್ಲಿ ಉರು ಹೊಡೆದುಕೊಂಡು ಬರತೊಡಗಿದರು. ಹೆಡ್ ಮಾಸ್ಟ್ರು ಮಾತ್ರ ಬಾಗಿಲಲ್ಲಿ ನಿಂತು ಮೂಗು ಮುರಿಯುತ್ತಿದ್ದರು. "ಚೀಟಿ ಆಟ ಅಂದ್ರೆ ಇಸ್ಪೀಟಿನ ತಮ್ಮ ಅಲ್ವೇನ್ರೀ?" ಎಂದು ಒಮ್ಮೆ ಕೇಳಿಯೇಬಿಟ್ಟರು. ಆಗ ನನ್ನ ಪರ ನಿಂತವರು ಶೈಲಕ್ಕ.

ಶೈಲಕ್ಕ ಎಂದರೆ ಸಮಾಜ ವಿಜ್ಞಾನದ ಶೈಲಜಾ ಮೇಡಂ. ನನಗಿಂತ ತುಂಬ ಹಿರಿಯರು. ಬುತ್ತಿಯಲ್ಲಿ ದಿನವೂ ನನ್ನ ಪಾಲಿನ ಮಿಡಿ ಉಪ್ಪಿನಕಾಯಿ ಬೇರೆಯಾಗಿಯೇ ಬರುತ್ತಿತ್ತು. "ಎಂತ ಮಾರಾಯ್ತಿ, ನಿಂಗೆ ಹೆಡ್ ಮಾಸ್ಟ್ರ ಮೇಲೂ ಅನುಮಾನ, ಅಡುಗೆಯವಳ ಮೇಲೂ ಅನುಮಾನ. ನನ್ನ ಮೇಲೆ ಯಾವಾಗ?" ಎಂದು ನಗುತ್ತಿದ್ದರು. "ನಿಮ್ಮನ್ನೂ ಅನುಮಾನಿಸಿದ್ರೆ ಊಟ ಯಾರ ಜೊತೆ ಮಾಡ್ಲಿ ಶೈಲಕ್ಕಾ?" ಎನ್ನುತ್ತಿದ್ದೆ. ನಿಜಕ್ಕೂ ನಾನು ಆ ಊರಿನಲ್ಲಿ ಅನುಮಾನಿಸದೆ ಇದ್ದದ್ದು ಅವರೊಬ್ಬರನ್ನೇ.

ಸುಮಳ ಬಗ್ಗೆ ಹೇಳಬೇಕು. ಅವಳ ಅಪ್ಪ ಗೂಡ್ಸ್ ಆಟೋ ಓಡಿಸುತ್ತಿದ್ದರು. ಮಾತು ಕಡಿಮೆಯ ಹುಡುಗಿ, ಆದರೆ ಕುರ್ಕನ ಚೀಟಿ ಕೈಗೆ ಬಂತೆಂದರೆ ಬೇರೆಯೇ ಆಗಿಬಿಡುತ್ತಿದ್ದಳು. "ಐ ವಾಸ್ ವಾಷಿಂಗ್ ದ ವೆಸೆಲ್ಸ್. ಮೈ ಮದರ್ ವಾಸ್ ಸ್ಕೋಲ್ಡಿಂಗ್ ಮಿ" ಎಂದು ನೀರು ಕುಡಿದಷ್ಟು ಸಲೀಸಾಗಿ ಹೇಳುವಳು. ಅಮ್ಮನ ಬೈಗುಳ ಸೇರಿಸಿದ ಮೇಲೆ ಯಾರಿಗೆ ಅನುಮಾನ ಬರಬೇಕು? ಊರವಳಾದ ದಿನ ಕುರ್ಕನನ್ನು ಹಿಡಿದುಕೊಡುತ್ತಿದ್ದವಳೂ ಅವಳೇ. ಹೇಗೆ ಗೊತ್ತಾಯ್ತೇ ಎಂದರೆ "ಮುಖ ನೋಡಿದ್ರೆ ಗೊತ್ತಾಗತ್ತೆ ಮಿಸ್" ಎನ್ನುತ್ತಿದ್ದಳು. ಬರಬರುತ್ತಾ ಕ್ಲಾಸು ಅವಳನ್ನು ನಂಬುವುದನ್ನೇ ಬಿಟ್ಟಿತು. ಒಂದು ದಿನ ಅವಳು ನಿಜವಾಗಿಯೂ ಊರವಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಕೊನೆಗೆ ಕಣ್ಣಲ್ಲಿ ನೀರೂ ಬಂತು. ಆದರೂ ಅಷ್ಟೂ ಬೆರಳು ಅವಳ ಕಡೆಗೇ ತಿರುಗಿದವು. ಚೀಟಿ ಬಿಚ್ಚಿ ತೋರಿಸಿದಾಗ ಎಲ್ಲರೂ ಹೋ ಎಂದು ನಕ್ಕರು, ನಾನೂ ನಕ್ಕೆ. ಅವಳು ನಗಲಿಲ್ಲ.

ಇಂಗ್ಲಿಷು ಕೈಕೊಟ್ಟಾಗ ಮಕ್ಕಳು ಹಿಡಿಯುತ್ತಿದ್ದ ಕೊನೆಯ ಅಸ್ತ್ರ ಆಣೆ. "ಸಿಗಂದೂರಮ್ಮನಾಣೆ ಐ ಆಮ್ ನಾಟ್ ಕುರ್ಕ!" ಆ ಸೀಮೆಯಲ್ಲಿ ಹೊಳೆಯಾಚೆಯ ಸಿಗಂದೂರಿನ ದೇವಿ, ಆ ಅಮ್ಮನೆಂದರೆ ಕಳ್ಳರಿಗೆ ನಡುಕ. ತೋಟದ ಬೇಲಿಗೆ, ಅಂಗಡಿಯ ಬಾಗಿಲಿಗೆ, ಪಂಪ್‌ಸೆಟ್ಟಿನ ಗೂಡಿಗೆ ಕೂಡ 'ಅಮ್ಮನ ಕಾವಲಿದೆ' ಎಂಬ ಫಲಕ ಹಾಕಿರುತ್ತಾರೆ. ಅದಿದ್ದ ಕಡೆ ಬಿದ್ದ ತೆಂಗಿನಕಾಯಿಯನ್ನೂ ಯಾರೂ ಮುಟ್ಟುವುದಿಲ್ಲ. ಶೈಲಕ್ಕ ಒಮ್ಮೆ ಮಕ್ಕಳ ಆಣೆ ಕೇಳಿಸಿಕೊಂಡು ಗಂಭೀರವಾದರು. "ಅಮ್ಮನ ಹೆಸರು ಬೇಡ ಮಾರಾಯ್ತಿ. ಅದು ಆಟ ಅಲ್ಲ." ನಾನು ಆಟದಲ್ಲಿ ಆಣೆ ನಿಲ್ಲಿಸಿದೆ.

ತುಳಸಿ ಹಬ್ಬ ಕಳೆದ ಮೇಲಿನ ಒಂದು ಸೋಮವಾರ ಬೆಳಿಗ್ಗೆ ಪ್ರಾರ್ಥನೆಯ ನಂತರ ಹೆಡ್ ಮಾಸ್ಟ್ರು ಮೆಟ್ಟಿಲ ಮೇಲೆ ನಿಂತು ಗುಡುಗಿದರು. ಸ್ಟಾಫ್ ರೂಮಿನ ಕಪಾಟಿನಲ್ಲಿದ್ದ ಬ್ಲೂಟೂತ್ ಸ್ಪೀಕರ್ ಕಳವಾಗಿದೆ! ಮಕ್ಕಳಿಗೆ ಇಂಗ್ಲಿಷ್ ಕೇಳಿಸಲೆಂದು ಹಳೆಯ ವಿದ್ಯಾರ್ಥಿಯೊಬ್ಬರು ಕೊಟ್ಟಿದ್ದ, ನೀರಿನ ಬಾಟಲಿಯಷ್ಟು ಉದ್ದದ ಸ್ಪೀಕರ್ ಅದು. ಪಾಠಕ್ಕೆ ತರುವುದು, ಮತ್ತೆ ಕಪಾಟಿನಲ್ಲಿಡುವುದು ಸುಮಳ ಕೆಲಸವಾಗಿತ್ತು. ಶುಕ್ರವಾರ ಇಟ್ಟಿದ್ದೆ ಎಂದು ಅವಳು ಹೇಳಿದಳು, ಒಂದಿಷ್ಟೂ ತಡವರಿಸದೆ. ಅದೇ ತಪ್ಪಾಯಿತು. ಪ್ರಜ್ವಲ್ ನನ್ನ ಮೇಜಿನ ಬಳಿ ಬಂದು ಪಿಸುಗುಟ್ಟಿದ: "ಅವಳೇ ಮಿಸ್. ಅಷ್ಟು ಚಂದ ಸುಳ್ಳು ಬೇರೆ ಯಾರಿಗೆ ಬರತ್ತೆ? ನೀವೇ ನೋಡಿದೀರಲ್ಲ." ನಾನು ಗದರಿ ಕಳಿಸಿದೆ. ಗದರಿದ್ದು ನಿಜ, ಆದರೆ ಒಳಗೆ ಒಂದು ಹುಳ ಹೊಕ್ಕಿತು.

ಆ ವಾರವೆಲ್ಲ ಶಾಲೆಯಲ್ಲಿ ಯಾರೂ ಯಾರ ಮುಖವನ್ನೂ ನೆಟ್ಟಗೆ ನೋಡಲಿಲ್ಲ. ನಾನಂತೂ ಹೆಡ್ ಮಾಸ್ಟ್ರಿಂದ ಹಿಡಿದು ಗಂಟೆ ಹೊಡೆಯುವವನವರೆಗೆ ಎಲ್ಲರನ್ನೂ ಮನಸ್ಸಿನಲ್ಲೇ ವಿಚಾರಣೆ ಮಾಡಿ ಮುಗಿಸಿದೆ. ಹೊಸನಗರದಲ್ಲಿ ತಂಗಿಯ ಮಗಳ ಮದುವೆ ಎಂದು ಸೋಮವಾರ ರಜೆಯಲ್ಲಿದ್ದ ಶೈಲಕ್ಕ ಮಂಗಳವಾರ ಹೋಳಿಗೆ ಕಟ್ಟಿಕೊಂಡು ಬಂದರು. ಅರಿಶಿನ ಶಾಸ್ತ್ರದ ಹಳದಿ ಉಗುರಿನಿಂದ ಇನ್ನೂ ಹೋಗಿರಲಿಲ್ಲ. ಸುದ್ದಿ ಕೇಳಿ ಅವರ ಮುಖ ಸಣ್ಣದಾಯಿತು. ಹೋಳಿಗೆ ತಾವು ಮಾತ್ರ ತಿನ್ನಲಿಲ್ಲ. ಶಾಲೆಯ ಮೇಲೆ ಎಂಥ ಪ್ರೀತಿ ಎಂದುಕೊಂಡೆ.

ಹೆಡ್ ಮಾಸ್ಟ್ರು ಕೊನೆಗೆ ಆಣೆಯ ದಾರಿ ಹಿಡಿದರು. ಅಮ್ಮನ ಫೋಟೋ ತಂದು ಮೇಜಿನ ಮೇಲಿಟ್ಟು, ಹತ್ತನೆಯ ಮಕ್ಕಳು ಒಬ್ಬೊಬ್ಬರಾಗಿ ಬಂದು ಮುಟ್ಟಿ ಹೇಳಬೇಕೆಂದರು: "ನಾನು ತೆಗೆದಿಲ್ಲ, ತೆಗೆದವರು ಯಾರೆಂದೂ ನನಗೆ ಗೊತ್ತಿಲ್ಲ, ಸುಳ್ಳಾಡಿದರೆ ಅಮ್ಮ ನೋಡಿಕೊಳ್ಳಲಿ." ಇದು ಸರಿಯಲ್ಲ ಎಂದು ನಾನು ಜಗಳವಾಡಿದೆ. ಶೈಲಕ್ಕನೂ, "ಮಕ್ಕಳ ಹತ್ರ ಎಂತಕ್ಕೆ ಸರ್ ಆಣೆ ಹಾಕಿಸೋದು? ಹೋದದ್ದು ಹೋಯ್ತು, ಬಿಡಿ" ಎಂದರು. ಫೋಟೋದ ಕಡೆ ಮಾತ್ರ ಅವರು ನೋಡಲಿಲ್ಲ. ಹೆಡ್ ಮಾಸ್ಟ್ರು ಕೇಳಲಿಲ್ಲ.

ಮಕ್ಕಳು ಸಾಲಾಗಿ ಬಂದು ಹೇಳಿ ಹೋದರು. ಸುಮ ಬಂದಳು. ಫೋಟೋದತ್ತ ಕೈ ಚಾಚಿದಳು, ಅರ್ಧಕ್ಕೇ ಹಿಂದೆ ತೆಗೆದಳು.

"ನಾ ಆಣೆ ಹಾಕಲ್ಲ ಸರ್."

"ಯಾಕೆ?"

ಅವಳು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಹಿಂದಿನಿಂದ ಪ್ರಜ್ವಲ್ ಕೂಗಿದ: "ಕುರ್ಕ ಸಿಕ್ತು!" ತಿರುಗಿ ನೋಡಿದರೆ ಇಡೀ ಕ್ಲಾಸು ಅವಳ ಕಡೆ ಬೆರಳು ತೋರಿಸಿ ನಿಂತಿತ್ತು, ಆಟದಲ್ಲಿ ತೋರಿಸುವ ಹಾಗೆಯೇ.

ಮರುದಿನ ಅವಳ ಅಪ್ಪ ಬಂದರು. ಒಳಗೆ ಬರದೆ ಗೇಟಿನ ಬಳಿಯೇ ನಿಂತರು. "ಕಳ್ಳಿ ಅಂತ ಊರಲ್ಲಿ ಮಾತು ಬಂದ ಮೇಲೆ ಕಳ್ಸೋದು ಹ್ಯಾಂಗೆ ಮೇಡಂ? ಕದ್ದಿಲ್ಲ ಅಂದ್ರೆ ಆಣೆ ಹಾಕ್ಲಿ. ಇಲ್ಲಾಂದ್ರೆ ಶಾಲೆ ಇವತ್ತಿಗೆ ಮುಗೀತು." ಪರೀಕ್ಷೆಗೆ ಇನ್ನು ಕೆಲವೇ ತಿಂಗಳು. ನಾನು ಸುಮಳನ್ನು ಬಿಸಿಯೂಟದ ಕೋಣೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಕೇಳಿದೆ, ಬೇಡಿದೆ, ಕೊನೆಗೆ ಬೈದೆ. ಆಗ ಬಾಯಿ ಬಿಟ್ಟಳು.

"ಮಳೆಗಾಲದಲ್ಲಿ ನಾ ಕುರ್ಕ ಆಗಿದ್ದಾಗ ಅಮ್ಮನಾಣೆ ಹಾಕಿ ಸುಳ್ಳು ಹೇಳಿದ್ದೆ ಮಿಸ್. ಈಗ ನಿಜ ಹೇಳಿ ಆಣೆ ಹಾಕಿದ್ರೂ ಅಮ್ಮ ಆ ಸುಳ್ಳಿಗೆ ಶಿಕ್ಷೆ ಕೊಡ್ತಾಳೆ. ನಮ್ಮಪ್ಪ ದಿನಾ ಆಟೋ ಓಡ್ಸೋರು. ಅವ್ರಿಗೆ ಏನಾದ್ರೂ ಆದ್ರೆ?"

ಅದನ್ನು ಕೇಳಿ ನನಗೆ ಅಳು ಬಂತು. ನಾನು ತಂದ ಆಟ ಈ ಮಗುವಿನ ಆಣೆಯನ್ನೇ ಕಸಿದುಕೊಂಡಿತಲ್ಲ ಎನ್ನಿಸಿತು. ಗೇಟಿಗೆ ಹೋಗಿ ಅವಳ ಅಪ್ಪನಿಗೆ ಹೇಳಿದೆ. ಅವರು ನಗಲಿಲ್ಲ, ಅದರಲ್ಲಿ ನಗುವಂಥದ್ದು ಅವರಿಗೆ ಏನೂ ಕಾಣಲಿಲ್ಲ. "ಹಂಗಾದ್ರೆ ತಪ್ಪು ಕಾಣಿಕೆ ಹಾಕ್ಬೇಕು" ಎಂದರು. ದೇವರ ಮುಂದೆ ತಪ್ಪಾಯಿತೆಂದು ಒಪ್ಪಿ ಕಾಣಿಕೆ ಹಾಕಿ ಬಂದರೆ ಅದು ಅಲ್ಲಿಗೆ ಮುಗಿಯುತ್ತದೆ ಎಂಬುದು ಅಲ್ಲಿಯ ನಂಬಿಕೆ. ಆಗ ನನ್ನ ಹಿಂದೆಯೇ ಗೇಟಿಗೆ ಬಂದಿದ್ದ ಶೈಲಕ್ಕ ಹೇಳಿದರು: "ಅವಳೊಬ್ಬಳೇ ಎಂತಕ್ಕೆ? ಆಟದಲ್ಲಿ ಎಲ್ಲಾ ಮಕ್ಕಳೂ ಆಣೆ ಹಾಕಿದ್ದಾರೆ. ಎಲ್ಲಾರೂ ಹೋಗಿ ಹಾಕಿ ಬರೋಣ. ನಾನೂ ಬರ್ತೀನಿ."

ಆ ಭಾನುವಾರ ಇಡೀ ಕ್ಲಾಸು ಲಾಂಚು ಹತ್ತಿತು. ಸೇತುವೆಯ ಕಂಬಗಳು ಆಗಷ್ಟೇ ನೀರಿನಿಂದ ಮೇಲೆದ್ದಿದ್ದವು. ಮಕ್ಕಳು ಕಂಬಿ ಹಿಡಿದು ಕಿರುಚುತ್ತಿದ್ದರು. ಸುಮ ಒಂದು ಜೀಪಿನ ಮರೆಯಲ್ಲಿ ಒಬ್ಬಳೇ ನಿಂತಿದ್ದಳು. ಗುಡಿಯಲ್ಲಿ ಸಾಲಾಗಿ ಹೋಗಿ ಎಲ್ಲರೂ ನಾಣ್ಯ ಹಾಕಿ ಕೈಮುಗಿದರು. ಶೈಲಕ್ಕ ಮಾತ್ರ ಗರ್ಭಗುಡಿಯ ಎದುರಿಂದ ಸರಿಯಲೇ ಇಲ್ಲ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು. ಪಕ್ಕದಲ್ಲಿದ್ದ ಸುಮ ಅವರನ್ನೇ ನೋಡುತ್ತಿದ್ದಳು. ಯಾರದೋ ಮಕ್ಕಳಿಗಾಗಿ ಹೀಗೆ ಅಳುವವರೂ ಇದ್ದಾರಲ್ಲ ಎಂದು ನಾನು ಶೈಲಕ್ಕನ ಬೆನ್ನು ಸವರಿದೆ.

ಕೆಲವು ದಿನಗಳಲ್ಲಿ ಸ್ಪೀಕರ್ ಸಿಕ್ಕಿತು. ಆಟದ ಸಾಮಾನಿನ ಕೋಣೆಯಲ್ಲಿ ಚಾಪೆಗಳ ಹಿಂದೆ ಇತ್ತು. ಅದರ ಜಾಲರಿಯ ಸಂದಿಯಲ್ಲಿ ಹಳದಿ ಕಲೆ. ಕದ್ದವರು ಅಮ್ಮನಿಗೆ ಹೆದರಿ ಅರಿಶಿನ ಹಚ್ಚಿ ತಂದಿಟ್ಟಿದ್ದಾರೆ ಎಂದು ನನ್ನ ಪತ್ತೇದಾರಿ ಬುದ್ಧಿ ಹೇಳಿತು. ಒದ್ದೆ ಬಟ್ಟೆಯಿಂದ ನಾನೇ ಒರೆಸಿದೆ. ಆಣೆಯ ಮಾತು ಅಲ್ಲಿಗೇ ನಿಂತಿತು, ಸುಮಳಿಗೆ ಶಾಲೆ ತಪ್ಪಲಿಲ್ಲ, ಪರೀಕ್ಷೆ ಬರೆದಳು, ಇಂಗ್ಲಿಷಿನಲ್ಲಿ ಕ್ಲಾಸಿಗೇ ಮೊದಲಿಗಳಾದಳು. ಆದರೆ ಹೆಸರು ಮಾತ್ರ ತೊಳೆದುಹೋಗಲಿಲ್ಲ. "ಅಮ್ಮನಿಗೆ ಹೆದರಿ ವಾಪಸ್ ಇಟ್ಲು" ಎಂದು ಮಕ್ಕಳು ಆಡಿಕೊಂಡರು. ಹತ್ತನೆಯ ಮಕ್ಕಳ ಬೀಳ್ಕೊಡುಗೆಯ ದಿನ ಗ್ರೂಪ್ ಫೋಟೋಗೆ ಅವಳ ಪಕ್ಕ ನಿಲ್ಲಲು ಹುಡುಗಿಯರು ಹಿಂದೆಮುಂದೆ ನೋಡಿದರು. ಶೈಲಕ್ಕ ತಮ್ಮ ಕುರ್ಚಿ ಬಿಟ್ಟು ಹೋಗಿ ಅವಳ ಪಕ್ಕ ನಿಂತರು. ನಾನೂ, ಪೂರ್ತಿಯಲ್ಲದಿದ್ದರೂ ಮುಕ್ಕಾಲು ಪಾಲು, ಮಕ್ಕಳು ಹೇಳಿದ್ದನ್ನೇ ನಂಬಿದ್ದೆ. ಮುಂದಿನ ವರ್ಷ ನನಗೆ ತೀರ್ಥಹಳ್ಳಿ ಕಡೆ ವರ್ಗವಾಯಿತು.

ಹೊಳೆಬಾಗಿಲಿನ ದಡದಲ್ಲಿ ನಿಂತು ಇದೆಲ್ಲ ನೆನೆಯುತ್ತಿದ್ದಾಗ ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಸುಮಾ, ಈಗಲಾದ್ರೂ ಹೇಳೇ. ಆ ಸ್ಪೀಕರ್ ನೀನೇ ತೆಗೆದಿದ್ದಾ? ನಾ ಬೈಯಲ್ಲ."

ಅವಳು ನೀರಿನ ಕಡೆ ನೋಡಿದಳು. "ನೀವು ಕಣ್ಣು ಮುಚ್ಚಿ ಅಂದಾಗ ನಾ ಯಾವತ್ತೂ ಪೂರ್ತಿ ಮುಚ್ತಿರ್ಲಿಲ್ಲ ಮಿಸ್. ಅದಕ್ಕೇ ಆಟದಲ್ಲಿ ಕುರ್ಕ ಯಾರಂತ ಗೊತ್ತಾಗ್ತಿತ್ತು" ಎಂದು ನಕ್ಕಳು. ಆಮೇಲೆ ನಗು ನಿಂತಿತು. "ಬೆಳಿಗ್ಗೆ ಪ್ರಾರ್ಥನೇಲೂ ಮುಚ್ತಿರ್ಲಿಲ್ಲ. ಆ ಶನಿವಾರ ಎಲ್ರೂ ಕಣ್ಣು ಮುಚ್ಚಿದ್ದಾಗ ಸ್ಟಾಫ್ ರೂಮಿನ ಕಿಟಕೀಲಿ ಕಂಡ್ತು. ಶೈಲಜಾ ಮಿಸ್ ಸ್ಪೀಕರ್ ತಗೊಂಡು ಅವ್ರ ಚೀಲಕ್ಕೆ ಹಾಕ್ಕೊಂಡ್ರು."

"ಶೈಲಕ್ಕನಾ?" ಎಂದೆ.

"ಕದಿಯೋಕಲ್ಲ ಮಿಸ್. ಮದುವೆ ಮನೇಲಿ ಹಾಡು ಹಾಕೋಕೆ ಅಂತ ಕಾಣತ್ತೆ. ಮಂಗಳವಾರ ವಾಪಸ್ ತಂದಿದ್ರು, ಚೀಲದ ಬಾಯಲ್ಲಿ ನಂಗೆ ಕಂಡ್ತು. ಗೇಟಲ್ಲಿ ಪ್ರಜ್ವಲ್ ಓಡಿ ಬಂದು 'ಕಳ್ಳತನ ಆಗಿದೆ, ಹೆಡ್ ಮಾಸ್ಟ್ರು ಪೊಲೀಸಿಗೆ ಹೇಳ್ತಾರಂತೆ' ಅಂದ. ಮಿಸ್ ಚೀಲ ಬಿಗಿಯಾಗಿ ಹಿಡ್ಕೊಂಡ್ರು. ಅಷ್ಟೆ, ಆಮೇಲೆ ಅವ್ರಿಗೆ ಬಾಯಿ ಬರ್ಲಿಲ್ಲ."

"ಮತ್ತೆ ಆಣೆ? ಆಟದ ಸುಳ್ಳಿಗೆ ಹೆದರಿದೆ ಅಂದಿದ್ದೆಯಲ್ಲೇ?"

"ಆಟದ ಸುಳ್ಳು ಆಟದ್ದು ಅಂತ ಅಮ್ಮನಿಗೆ ಗೊತ್ತಿರಲ್ವಾ ಮಿಸ್? ನಾ ತೆಗೆದಿಲ್ಲ ಅಂತ ಆಣೆ ಹಾಕ್ಬಹುದಿತ್ತು. ಯಾರು ತೆಗೆದದ್ದು ಅಂತ ಗೊತ್ತಿಲ್ಲ ಅಂತ ಹ್ಯಾಂಗೆ ಹಾಕ್ಲಿ?"

"ನನ್ನ ಹತ್ರ ಹೇಳ್ಬಹುದಿತ್ತಲ್ಲ!"

"ನೀವು ನಂಬ್ತಿದ್ರಾ ಮಿಸ್?"

ಸಿಟ್ಟಿನಿಂದಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು. ನನಗೆ ಆ ಒಂದು ದಿನ ಅವಳು ನಿಜ ಹೇಳಿ ಊರಿನಿಂದ ಹೊರಗಾದದ್ದು ನೆನಪಾಯಿತು. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರೆ. ಶೈಲಕ್ಕನ ಉಗುರಿನ ಅರಿಶಿನವೇ ಸ್ಪೀಕರಿಗೂ ಅಂಟಿ, ಲೋಕವನ್ನೆಲ್ಲ ಅನುಮಾನಿಸಿದ ಈ ಪಿಶಾಚಿಯ ಕಣ್ಣೆದುರೇ ಇತ್ತು, ನಾನು ಅದನ್ನು ಒರೆಸಿಟ್ಟೆ. ಈ ಹುಡುಗಿ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಇವಳು ಕಳ್ಳಿ ಎನ್ನಿಸಿಕೊಂಡು ಓಡಾಡಿದ ಅಷ್ಟು ದಿನಗಳನ್ನು ನೆನೆದು ಎದೆ ಉರಿಯಿತು. ಶೈಲಕ್ಕನ ಮೇಲೆ ಸಿಟ್ಟು ಬಂತು, ಇವತ್ತೇ ಕೇಳಿಬಿಡುತ್ತೇನೆಂದು ರಸ್ತೆಯ ಕಡೆ ಹೆಜ್ಜೆ ಹಾಕಿದೆ.

"ಅಲ್ಲಿ ಹೇಳ್ಬೇಡಿ ಮಿಸ್" ಎಂದಳು ಸುಮ. "ಇವತ್ತು ಅವ್ರ ದಿನ."

ಶಾಲೆಗೆ ಬಂದಾಗ ಸಭೆ ತುಂಬಿತ್ತು. ಶೈಲಕ್ಕ ಹಾರ ಹಾಕಿಸಿಕೊಂಡು ವೇದಿಕೆಯ ನಡುವೆ ಕೂತಿದ್ದರು, ತಲೆಗೂದಲು ತುಂಬ ಬೆಳ್ಳಗಾಗಿತ್ತು. ನನ್ನನ್ನು ಪಕ್ಕದ ಕುರ್ಚಿಗೆ ಕರೆದು ಕೈ ಹಿಡಿದುಕೊಂಡರು. ಆ ಕೈಯನ್ನು ಬಿಡಿಸಿಕೊ ಎಂದು ಮನಸ್ಸು ಹೇಳಿತು. ಕೈ ಕೇಳಲಿಲ್ಲ. ಎದುರಿನ ಮೇಜಿನ ಮೇಲೆ ಅದೇ ಸ್ಪೀಕರ್ ಇತ್ತು, ಬಣ್ಣ ಮಾಸಿತ್ತು.

"ಎಲ್ಲರೂ ಎದ್ದು ನಿಲ್ಲಿ, ಪ್ರಾರ್ಥನೆ" ಎಂದರು ನಿರೂಪಕರು. ಸ್ಪೀಕರಿನಿಂದ ಹಾಡು ಬಂತು. ಸಭೆಯೆಲ್ಲ ಕೈಮುಗಿದು ಕಣ್ಣು ಮುಚ್ಚಿತು. ನಾನು ಮುಚ್ಚಲಿಲ್ಲ. ಶೈಲಕ್ಕನೂ ಮುಚ್ಚಿರಲಿಲ್ಲ. ಅವರು ಸ್ಪೀಕರನ್ನು ನೋಡಿದರು, ಆಮೇಲೆ ಸಭೆಯಲ್ಲಿ ಹುಡುಕಿದರು. ಸುಮ ಗೋಡೆಯ ಪಕ್ಕ ನಿಂತು ಕಣ್ಣು ತೆರೆದು ಅವರನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಿದೆ ಎಂಬುದು ಶೈಲಕ್ಕನಿಗೆ ಯಾವತ್ತಿನಿಂದ ಗೊತ್ತೋ ನಾನರಿಯೆ. ಎದೆಯ ಬಳಿ ಮುಗಿದಿದ್ದ ಕೈಗಳನ್ನು ಅವರು ಮೆಲ್ಲಗೆ ಹಣೆಯವರೆಗೆ ಎತ್ತಿದರು, ದೇವರ ಕಡೆಗಲ್ಲ, ಆ ಹುಡುಗಿಯ ಕಡೆಗೆ.

ಸುಮ ಒಂದು ಕ್ಷಣ ನೋಡಿದಳು. ಆಮೇಲೆ ಕಣ್ಣು ಮುಚ್ಚಿದಳು. ಪೂರ್ತಿ ಮುಚ್ಚಿದಳು.